ದೋಣಿಯ ಬ್ಯಾಟರಿಗೆ ಎಷ್ಟು ದೊಡ್ಡ ಸೆಲ್ಲು?

ನದಿಯ ಕುದ್ರುಗಳಲ್ಲಿಯೂ ಅಣೆಕಟ್ಟಿನ ಹಿನ್ನೀರಿನ ದಡದಲ್ಲಿಯೂ ಬೇಸಾಯ ಮಾಡುವ ರೈತರಿಗೆ ದೋಣಿಯೇ ಗಾಡಿ. ಗೊಬ್ಬರ, ತೆಂಗಿನಕಾಯಿ, ಹುಲ್ಲಿನ ಹೊರೆ, ಶಾಲೆಗೆ ಹೋಗುವ ಮಕ್ಕಳು, ಎಲ್ಲವೂ ಅದರಲ್ಲಿಯೇ ದಾಟಬೇಕು. ಇಂಥ ದೋಣಿಗೆ ಸಣ್ಣ ವಿದ್ಯುತ್ ಮೋಟಾರು ಕೂಡಿಸಿ, ಅದರ ಲಿಥಿಯಂ ಬ್ಯಾಟರಿಯನ್ನು ಸೆಲ್ಲುಗಳಿಂದ ತಾವೇ ಜೋಡಿಸಿಕೊಳ್ಳಬಯಸುವವರು ಉಂಟು. ಅವರಿಗೆ ಮೊದಲು ಎದುರಾಗುವ ಪ್ರಶ್ನೆ: ಸಣ್ಣ ಸೆಲ್ಲುಗಳು ಹಲವು ಲೇಸೋ, ದೊಡ್ಡವು ನಾಲ್ಕು ಲೇಸೋ? ಲೆಕ್ಕವಿಲ್ಲದೆ ಕೊಂಡರೆ ನಡುಹೊಳೆಯಲ್ಲಿ ಮೋಟಾರು ನಿಂತೀತು. ಆದುದರಿಂದ ಲೆಕ್ಕ ಮೊದಲು, ಕೊಳ್ಳುವುದು ಆಮೇಲೆ.

1. ಸೆಲ್ಲಿನ ಜಾತಿ

ಲಿಥಿಯಂ ಸೆಲ್ಲುಗಳಲ್ಲಿ ಹಲವು ಜಾತಿಗಳಿವೆ. ದೋಣಿಗೆ ಲಿಥಿಯಂ ಕಬ್ಬಿಣ ಫಾಸ್ಫೇಟ್ ಜಾತಿಯೇ ತಕ್ಕದ್ದು. ಇದರ ಒಂದು ಸೆಲ್ಲು 3.2 ವೋಲ್ಟ್. ನಾಲ್ಕನ್ನು ಒಂದರ ಹಿಂದೊಂದು ಸಾಲಾಗಿ ಜೋಡಿಸಿದರೆ 12.8 ವೋಲ್ಟ್ ಆಗುವುದರಿಂದ 12 ವೋಲ್ಟಿನ ಮೋಟಾರಿಗೆ ಸರಿಹೋಗುತ್ತದೆ. ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿದ ಸೆಲ್ಲುಗಳು ಅಗ್ಗವಾಗಿ ಸಿಗಬಹುದು. ಆದರೆ ಅವು ಸಾಮಾನ್ಯವಾಗಿ ಬೇರೆ ಜಾತಿಯವು; ಅತಿಯಾಗಿ ಕಾದರೆ ಹೊತ್ತಿಕೊಳ್ಳುವ ಭಯ ಅವುಗಳಲ್ಲಿ ಹೆಚ್ಚು. ಮನೆಯಲ್ಲಿ ಬೆಂಕಿ ಎದ್ದರೆ ಅಂಗಳಕ್ಕೆ ಓಡಬಹುದು, ದೋಣಿಯಲ್ಲಿ ಎದ್ದರೆ ಓಡುವುದೆಲ್ಲಿಗೆ?

2. ಕೆರೆಯ ಲೆಕ್ಕ

ಸೆಲ್ಲಿನ ಮೇಲೆ ಬರೆದಿರುವ ‘ಆಂಪಿಯರ್ ಗಂಟೆ’ಯು ಕೆರೆಯಲ್ಲಿ ನಿಂತ ನೀರಿದ್ದಂತೆ. ಮೋಟಾರು ಎಳೆಯುವ ‘ಆಂಪಿಯರ್’ ತೂಬಿನಲ್ಲಿ ಹರಿಯುವ ನೀರಿದ್ದಂತೆ. ಒಂದು ಉದಾಹರಣೆಯನ್ನು ನೋಡೋಣ. ಮೋಟಾರು ಸಾಧಾರಣ ವೇಗದಲ್ಲಿ 20 ಆಂಪಿಯರ್, ಪೂರ್ಣ ವೇಗದಲ್ಲಿ 30 ಆಂಪಿಯರ್ ಎಳೆಯುತ್ತದೆ. ದಿನಕ್ಕೆ ಹೋಗಿಬರುವ ಕಾಲ 3 ಗಂಟೆ.

ದಿನದ ಖರ್ಚು: 20 × 3 = 60 ಆಂಪಿಯರ್ ಗಂಟೆ.
ಎದುರುಗಾಳಿಗೂ ಸೆಳೆತಕ್ಕೂ ಕಾಲು ಭಾಗ ಹೆಚ್ಚಿಗೆ: 60 + 15 = 75.
ಸೆಲ್ಲನ್ನು ಪೂರ್ತಿ ಬರಿದುಮಾಡದೆ ನೂರಕ್ಕೆ 80 ಪಾಲು ಮಾತ್ರ ಬಳಸಿದರೆ ಅದು ಹೆಚ್ಚು ಕಾಲ ಬಾಳುತ್ತದೆ: 75 ÷ 0.8 = ಸುಮಾರು 94.

ಅಂದರೆ 100 ಆಂಪಿಯರ್ ಗಂಟೆಯ ಬ್ಯಾಟರಿ ಸಾಕು.

3. ತೂಬಿನ ಲೆಕ್ಕ

ಕೆರೆಯಲ್ಲಿ ನೀರಿದ್ದರೆ ಸಾಲದು, ತೂಬೂ ತಕ್ಕಷ್ಟಿರಬೇಕು. ಎಡೆಬಿಡದೆ ಎಷ್ಟು ಆಂಪಿಯರ್ ಎಳೆಯಬಹುದೆಂಬುದನ್ನು ಸೆಲ್ಲಿನ ವಿವರದ ಹಾಳೆಯಲ್ಲಿ ‘0.5 ಸಿ’, ‘1 ಸಿ’ ಎಂದು ಸೂಚಿಸಿರುತ್ತಾರೆ. ಆಂಪಿಯರ್ ಗಂಟೆಯನ್ನು ಆ ಅಂಕಿಯಿಂದ ಗುಣಿಸಬೇಕು. 0.5 ಸಿ ಎಂದಿದ್ದರೆ 100ರ ಸೆಲ್ಲು 50 ಆಂಪಿಯರ್ ಕೊಡುತ್ತದೆ. ನಮ್ಮ 30ಕ್ಕೆ ಧಾರಾಳ. 50ರ ಸೆಲ್ಲಾದರೋ 25 ಮಾತ್ರ. ಪೂರ್ಣ ವೇಗಕ್ಕೆ ಸಾಲದು.

4. ಸಣ್ಣದೋ, ದೊಡ್ಡದೋ?

ಉರುಳೆಯಾಕಾರದ 6 ಆಂಪಿಯರ್ ಗಂಟೆಯ ಸೆಲ್ಲುಗಳು 32 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದವಿರುತ್ತವೆ. ಅವುಗಳಿಂದ 100 ತುಂಬಿಸಲು ಪಕ್ಕಪಕ್ಕಕ್ಕೆ 17ರಂತೆ ನಾಲ್ಕು ಗುಂಪು ಬೇಕು. ಒಟ್ಟು 68 ಸೆಲ್ಲು. ಎರಡೆರಡು ತುದಿ ಹಿಡಿದರೆ 136 ಬೆಸುಗೆ. ಸಾಮಾನ್ಯ ಬೆಸುಗೆ ಕಡ್ಡಿಯ ಕಾವು ಸೆಲ್ಲನ್ನು ಕೆಡಿಸುವುದರಿಂದ ಇದಕ್ಕೆ ಬೇರೆ ಯಂತ್ರವೇ ಬೇಕು. ಉಪ್ಪುಗಾಳಿ ಮತ್ತು ಅಲುಗಾಟದಲ್ಲಿ ಯಾವ ಬೆಸುಗೆ ಸಡಿಲಿತೆಂದು ಹುಡುಕುವುದೂ ಕಷ್ಟ.

ಇಟ್ಟಿಗೆಯಾಕಾರದ 100ರ ಸೆಲ್ಲುಗಳಾದರೆ ನಾಲ್ಕೇ ಸಾಕು. ತುದಿಗಳು ಎಂಟು, ಬೋಲ್ಟು ಬಿಗಿದರೆ ಆಯಿತು. ಒಂದರ ತೂಕ ಸುಮಾರು 2 ಕಿಲೋ. ತಿಂಗಳಿಗೊಮ್ಮೆ ಕಣ್ಣಿನಿಂದಲೇ ಪರೀಕ್ಷಿಸಬಹುದು.

ಹಾಗಾದರೆ 280ರ ಸೆಲ್ಲು ಇನ್ನೂ ಮೇಲಲ್ಲವೇ? ಅವು ನಾಲ್ಕು ಸೇರಿ 20 ಕಿಲೋ ಮೀರುತ್ತವೆ. ಮೂರು ಗಂಟೆಯ ದಾರಿಗೆ ಅಷ್ಟು ಬೇಕಿಲ್ಲ. ಎರಡು ಚೀಲ ಭತ್ತಕ್ಕೆ ಹಗೇವು ತೋಡಿದಂತೆ ಹಣವೂ ಜಾಗವೂ ವ್ಯರ್ಥ.

5. ಎರಡು ಪೆಟ್ಟಿಗೆಯ ಉಪಾಯ

ನಾಲ್ಕು ಸೆಲ್ಲಿನ ಸಾಲಿನಲ್ಲಿ ಒಂದು ಕೆಟ್ಟರೂ ಬ್ಯಾಟರಿಯೆಲ್ಲ ನಿಲ್ಲುತ್ತದೆ. ಹೊಳೆ ಅಗಲವಾಗಿದ್ದು, ದಿನವೂ ಜನರನ್ನು ದಾಟಿಸುವವರು 50ರ ನಾಲ್ಕು ಸೆಲ್ಲಿನ ಎರಡು ಪೆಟ್ಟಿಗೆಗಳನ್ನು ಮಾಡಿ ಪಕ್ಕಪಕ್ಕಕ್ಕೆ ಜೋಡಿಸುವುದು ಉತ್ತಮ. ಎರಡೂ ದುಡಿಯುವಾಗ ಒಂದೊಂದರ ಪಾಲಿಗೆ 15 ಆಂಪಿಯರ್ ಬೀಳುತ್ತದೆ. ಒಂದು ಕೈಕೊಟ್ಟರೆ ಇನ್ನೊಂದರಿಂದ ನಿಧಾನವಾಗಿ ದಡ ಸೇರಬಹುದು. ಖರ್ಚು ಸ್ವಲ್ಪ ಹೆಚ್ಚಾದರೂ ಜೀವಕ್ಕಿಂತ ದೊಡ್ಡದಲ್ಲ. ಎರಡನ್ನೂ ಪೂರ್ತಿ ಚಾರ್ಜು ಮಾಡಿ, ವೋಲ್ಟ್ ಸಮವಾದ ಮೇಲೆಯೇ ಕೂಡಿಸತಕ್ಕದ್ದು.

6. ಮರೆಯಬಾರದ ಮಾತುಗಳು

* ಒಂದೇ ಅಳತೆಯ, ಒಂದೇ ತಯಾರಿಕೆಯ ಹೊಸ ಸೆಲ್ಲುಗಳನ್ನೇ ಕೂಡಿಸಿ. ಹಳತು ಹೊಸತು ಬೆರೆಸಬೇಡಿ.
* ಪ್ರತಿ ಪೆಟ್ಟಿಗೆಗೂ ಸೆಲ್ಲುಗಳನ್ನು ಕಾಯುವ ಬಿ.ಎಂ.ಎಸ್. ಹಲಗೆ ಬೇರೆಬೇರೆ ಇರಲಿ. ಅದರ ಶಕ್ತಿ ಮೋಟಾರಿನ ಪೂರ್ಣ ಎಳೆತಕ್ಕಿಂತ ಹೆಚ್ಚಿರಲಿ.
* ಧನ ತುದಿಯ ಹತ್ತಿರದಲ್ಲಿಯೇ ಫ್ಯೂಸು ಹಾಕಿ.
* ಈ ಜಾತಿಯ ಬ್ಯಾಟರಿಗೆಂದೇ ಮಾಡಿದ ಚಾರ್ಜರನ್ನು ಬಳಸಿ.
* ಪೆಟ್ಟಿಗೆಯನ್ನು ದೋಣಿಯ ತಳದ ನೀರು ತಾಗದಷ್ಟು ಎತ್ತರದಲ್ಲಿ ಕಟ್ಟಿ.
* ಜೋಡಣೆಯನ್ನು ವಿದ್ಯುತ್ ಕೆಲಸ ಬಲ್ಲವರಿಂದ ಒಮ್ಮೆ ಪರೀಕ್ಷೆ ಮಾಡಿಸಿ.
* ಮೋಟಾರು ಬಂತೆಂದು ಹುಟ್ಟನ್ನು ಮನೆಯಲ್ಲಿ ಬಿಟ್ಟು ಹೊರಡಬೇಡಿ.

ಅಭ್ಯಾಸ: ಸಾಧಾರಣ ವೇಗದಲ್ಲಿ 12 ಆಂಪಿಯರ್, ಪೂರ್ಣ ವೇಗದಲ್ಲಿ 30 ಆಂಪಿಯರ್ ಎಳೆಯುವ ಮೋಟಾರು ದಿನಕ್ಕೆ 2 ಗಂಟೆ ಓಡಬೇಕು. ಎಂಥ ಸೆಲ್ಲು ಬೇಕು?

ಉತ್ತರ: ಖರ್ಚು 24, ಹೆಚ್ಚಿಗೆ 6, ಒಟ್ಟು 30. ಅದನ್ನು 0.8ರಿಂದ ಭಾಗಿಸಿದರೆ 37.5. ಕೆರೆಯ ಲೆಕ್ಕಕ್ಕೆ 50ರ ಸೆಲ್ಲು ಸಾಕು. ಆದರೆ ತೂಬಿನ ಲೆಕ್ಕಕ್ಕೆ ಅದು 1 ಸಿ ಸೆಲ್ಲಾಗಿರಬೇಕು. 0.5 ಸಿ ಆದರೆ ಸಾಲದು. ಎರಡು ಲೆಕ್ಕವೂ ಕೂಡಿಬಂದ ಸೆಲ್ಲೇ ನಿಮ್ಮ ದೋಣಿಗೆ ತಕ್ಕ ಸೆಲ್ಲು.