ಅಳಿವೆಯಾಚೆಯ ಕಿರುದೋಣಿ

ಬೇಲೂರು, ಹಳೇಬೀಡುಗಳ ಸೀಮೆಯಲ್ಲಿ ‘ಸಮುದ್ರ’ವೆಂದರೆ ಕೆರೆ. ಹೊಯ್ಸಳರ ರಾಜಧಾನಿಯಾದ ದೋರಸಮುದ್ರದ ಹೆಸರಿನಲ್ಲಿರುವ ಸಮುದ್ರವೂ ಅಂಥದೇ. ಹಳೇಬೀಡಿನ ಬದಿಯಲ್ಲಿ ಅದು ಇಂದಿಗೂ ಹರಡಿಕೊಂಡಿದೆ. ಅಲ್ಲಿಯ ಗುಡಿಯ ಭಿತ್ತಿಯಲ್ಲಿ ಸಾಲುಗೊಂಡ ಮಕರಗಳು ಯಾವ ಕಡಲಲ್ಲಿಯೂ ಈಜಿದವಲ್ಲ. ಹಾಗೆಂದು ನಿಜವಾದ ಕಡಲಿಗೂ ಈ ನಾಡಿಗೂ ನಂಟಿಲ್ಲವೆನ್ನಲಾಗದು. ಬೇಲೂರಿನ ಯಗಚಿಯು ಹೇಮಾವತಿಯನ್ನು ಕೂಡಿ, ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೆ ಸಾಗುತ್ತದೆ. ಅದೇ ಜಿಲ್ಲೆಯಲ್ಲಿ, ಸಕಲೇಶಪುರದಾಚೆಯ ಘಟ್ಟದ ಇಳುಕಲಿನಲ್ಲಿ ಬಿದ್ದ ಮಳೆಯಾದರೋ ಕೆಂಪುಹೊಳೆ, ಕುಮಾರಧಾರೆಗಳಾಗಿ ನೇತ್ರಾವತಿಯೊಡಗೂಡಿ, ಮಂಗಳೂರಿನ ಅಳಿವೆಯಲ್ಲಿ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. ಆ ನೀರು ಮುಂದೆ ಏನು ಮಾಡುತ್ತದೆಂಬುದನ್ನು ಅರಿಯಲು ದೊಡ್ಡ ಹಡಗಿಗಿಂತ ಸಣ್ಣ ದೋಣಿಯೇ ಹೆಚ್ಚು ಉಪಯುಕ್ತ.

ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯು 1966ರಲ್ಲಿ ಸ್ಥಾಪಿತವಾಯಿತು. 1976ರಲ್ಲಿ ‘ಗವೇಷಣಿ’, 1983ರಲ್ಲಿ ಸುಮಾರು ನೂರು ಮೀಟರ್ ಉದ್ದದ ‘ಸಾಗರಕನ್ಯಾ’ ಭಾರತದ ಸಂಶೋಧನಾ ನೌಕೆಗಳಾಗಿ ಬಂದವು. ಇವು ಆಳಸಮುದ್ರದ ನೌಕೆಗಳು; ಅಳಿವೆಯ ಮರಳುದಿಣ್ಣೆಗಳ ನಡುವೆ ಇವುಗಳಿಗೆ ಎಡೆಯಿಲ್ಲ. ಮೇಲಾಗಿ ಇಂಥ ನೌಕೆಯು ಒಂದೇ ತಾಣಕ್ಕೆ ವಾರವಾರವೂ ಮರಳಿ ಬರಲಾರದು. 1969ರಲ್ಲಿ ಮಂಗಳೂರಿನಲ್ಲಿ ಆರಂಭವಾದ, ದೇಶದಲ್ಲಿಯೇ ಮೊದಲನೆಯದಾದ ಮೀನುಗಾರಿಕೆ ಕಾಲೇಜಿನಂಥ ವಿದ್ಯಾಸಂಸ್ಥೆಗೆ, ಕಾರವಾರದಲ್ಲಿ ಕಡಲ ಜೀವಶಾಸ್ತ್ರವನ್ನು ಬೋಧಿಸುವ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗದಂಥದಕ್ಕೆ, ದೋಣಿಯೇ ಪ್ರಯೋಗಶಾಲೆಯ ಮೊದಲ ಕೊಠಡಿ.

ಅಂಥ ದೋಣಿಯಲ್ಲಿ ನಡೆಯುವ ಕೆಲಸ ನೋಡುವವರಿಗೆ ಸರಳ. ಬಿಳಿಯ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳವನ್ನಳೆದು ನೀರಿನ ತಿಳಿತನವನ್ನು ಗುರುತಿಸುತ್ತಾರೆ; ಇಟಲಿಯ ಸೆಕ್ಕಿ 1865ರಲ್ಲಿ ಪ್ರಯೋಗಿಸಿದ ಈ ಉಪಾಯ ಇಂದಿಗೂ ಬಳಕೆಯಲ್ಲಿದೆ. ಎರಡೂ ತುದಿ ತೆರೆದ ಸೀಸೆಯನ್ನು ಬೇಕಾದ ಆಳಕ್ಕಿಳಿಸಿ, ಹಗ್ಗದ ಗುಂಟ ಲೋಹದ ಗುಂಡೊಂದನ್ನು ಜಾರಿಬಿಟ್ಟರೆ, ಅದರ ಪೆಟ್ಟಿಗೆ ಮುಚ್ಚಳಗಳು ಬಿದ್ದು ಆ ಆಳದ ನೀರೇ ಸೆರೆಯಾಗುತ್ತದೆ. ನಾಜೂಕಿನ ಕೆಲಸ ಆಮೇಲಿನದು. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ದಡಕ್ಕೆ ಬಂದ ಮೇಲೆ ಅಳೆಯೋಣವೆಂದರೆ ಆಗದು. ಗಾಳಿ ಸೋಕಿದರೆ ಲೆಕ್ಕ ಕೆಡುತ್ತದೆ. ಆದಕಾರಣ ತೂಗಾಡುವ ದೋಣಿಯಲ್ಲಿಯೇ ಮ್ಯಾಂಗನೀಸಿನ ಲವಣವನ್ನೂ ಕ್ಷಾರ ಬೆರೆತ ಅಯೊಡೈಡನ್ನೂ ಹನಿಸಬೇಕು. ಆಮ್ಲಜನಕವಿದ್ದರೆ ಸೀಸೆಯಲ್ಲಿ ಕಂದುಬಣ್ಣದ ಗಷ್ಟು ಕಟ್ಟುತ್ತದೆ. ಇಲ್ಲದಿದ್ದರೆ ಅದು ಬೆಳ್ಳಗೆ ಉಳಿಯುತ್ತದೆ. ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ವಿಧಾನವಿದು.

ಕರಾವಳಿಯ ಮೀನುಗಾರನ ಜೀವನಕ್ಕೆ ಆ ಬಿಳುಪು ಬಲು ಹತ್ತಿರದ ಸಂಗತಿ. ನೈಋತ್ಯ ಮುಂಗಾರಿನ ಕಾಲದಲ್ಲಿ ಆಳದ ತಂಪಾದ, ಆಮ್ಲಜನಕ ವಿರಳವಾದ ನೀರು ಮೇಲೆದ್ದು ತೀರದತ್ತ ಸರಿಯುತ್ತದೆ. ಅದೇ ಹೊತ್ತಿಗೆ ಮಳೆಯೂ ಘಟ್ಟದ ಹೊಳೆಗಳೂ ತಂದ ಸಿಹಿನೀರು ಕಡಲಿನ ಮೇಲೆ ಹಗುರವಾದ ಮುಚ್ಚಳದಂತೆ ಕೂರುತ್ತದೆ. ಮೇಲಿನ ಗಾಳಿ ಕೆಳಕ್ಕೆ ಬೆರೆಯದು. ಸಕಲೇಶಪುರದ ಇಳುಕಲಿನ ಮಳೆಗೂ ಆ ಮುಚ್ಚಳದಲ್ಲಿ ಒಂದು ಪಾಲುಂಟು. ಕೆಳಗೆ ಕೊಳೆಯುವ ಜೀವದ್ರವ್ಯವು ಉಳಿದಿದ್ದ ಆಮ್ಲಜನಕವನ್ನೂ ತಿಂದುಬಿಡಲು, ತಳದ ಮೀನುಗಳು ಜಾಗ ಬಿಡುತ್ತವೆ.

ಗೋವೆಯ ಕಾಂಡೋಳಿಯ ಮುಂದೆ, ಮೂವತ್ತು ಮೀಟರಿಗೂ ಕಡಿಮೆ ಆಳದ ಒಂದೇ ತಾಣಕ್ಕೆ ಸಮುದ್ರವಿಜ್ಞಾನ ಸಂಸ್ಥೆಯವರು 1997ರಿಂದ ಮತ್ತೆ ಮತ್ತೆ ಹೋಗಿ ಇದನ್ನು ಅಳೆಯತೊಡಗಿದರು. ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ, ಪಶ್ಚಿಮ ತೀರದ ಈ ಕೊರತೆ ತೀವ್ರವಾಗುತ್ತಿದೆಯೆಂದೂ, ಅದರಿಂದ ಭೂಮಿಯ ಬಿಸಿಯನ್ನು ಹೆಚ್ಚಿಸುವ ನೈಟ್ರಸ್ ಆಕ್ಸೈಡ್ ಅನಿಲವು ಹೆಚ್ಚುತ್ತಿದೆಯೆಂದೂ ಬರೆದರು.

ವಿಪರ್ಯಾಸವೆಂದರೆ, ಅಳೆಯಲೇಬೇಕಾದ ತಿಂಗಳುಗಳಲ್ಲಿಯೇ ಸಣ್ಣ ದೋಣಿ ಕಡಲಿಗಿಳಿಯಲಾರದು. ಕರ್ನಾಟಕದ ಯಾಂತ್ರಿಕ ಮೀನುಗಾರಿಕೆಗೆ ಜೂನ್, ಜುಲೈಗಳಲ್ಲಿ ಸರಕಾರದ ನಿಷೇಧವಿದೆ. ಸಂಶೋಧಕರ ದೋಣಿಗೆ ಆಜ್ಞೆ ಬೇಕಿಲ್ಲ, ಅಳಿವೆಬಾಯಿಯ ಅಲೆಗಳೇ ಸಾಕು. ದಾಖಲೆಯ ಪುಸ್ತಕದಲ್ಲಿ ಆ ಸಾಲುಗಳು ಖಾಲಿ ಉಳಿಯುತ್ತವೆ. ಆಗಸ್ಟ್ ಕಳೆದು ಕಡಲು ತಗ್ಗಿದಾಗ ಹಗ್ಗ, ಸೀಸೆಗಳು ಮತ್ತೆ ದೋಣಿಯೇರುತ್ತವೆ. ತಳದಿಂದ ಬಂದ ಮೊದಲ ಸೀಸೆಯಲ್ಲಿ ಗಷ್ಟು ಕಂದೋ ಬಿಳಿಯೋ ಎಂದು ಎಲ್ಲರೂ ಬಾಗಿ ನೋಡುತ್ತಾರೆ.