ಕಥೆಯ ಅಂಗರಚನೆ

ಹೂವಿನ ಬಣ್ಣಕ್ಕೆ ಮರುಳಾಗದೆ, ಎಸಳು, ಕೇಸರ, ಅಂಡಾಶಯಗಳ ಜೋಡಣೆಯನ್ನು ನೋಡಿ ಸಸ್ಯಶಾಸ್ತ್ರಜ್ಞನು ಗಿಡದ ಕುಲವನ್ನು ಗುರುತಿಸುತ್ತಾನೆ. ಕಥೆಯನ್ನೂ ಹೀಗೆ ಬಿಡಿಸಿ ನೋಡಬಹುದೆ? ರಷ್ಯದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕೆಲಸಕ್ಕೆ ಕೈಹಾಕಿದನು.

ಒಂದು ಕಥೆಯಲ್ಲಿ ಮುದುಕಿಯೊಬ್ಬಳು ನಾಯಕನಿಗೆ ಮಂತ್ರದ ಬೂದಿಯನ್ನು ಕೊಡುತ್ತಾಳೆ. ಇನ್ನೊಂದರಲ್ಲಿ ಹಾವು ರತ್ನವನ್ನು ಕೊಡುತ್ತದೆ. ಕೊಡುವವರು ಬೇರೆ, ಕೊಟ್ಟ ವಸ್ತು ಬೇರೆ. ಆದರೆ ಕಥೆಯನ್ನು ಮುಂದೆ ನಡೆಸುವಲ್ಲಿ ಎರಡೂ ಘಟನೆಗಳ ಕೆಲಸ ಒಂದೇ. ಇಂಥ ಕೆಲಸವನ್ನು ನಾವು 'ಕ್ರಿಯೆ' ಎಂದು ಕರೆಯೋಣ. ಪ್ರಾಪನು 100 ರಷ್ಯನ್ ಮಾಯಾಕಥೆಗಳನ್ನು ಪರೀಕ್ಷಿಸಿ, ಒಟ್ಟು ಕ್ರಿಯೆಗಳು 31 ಮಾತ್ರವೆಂದೂ, ಕೆಲವು ಬಿಟ್ಟುಹೋದರೂ ಉಳಿದವುಗಳ ಅನುಕ್ರಮ ಕೆಡುವುದಿಲ್ಲವೆಂದೂ ವಾದಿಸಿದನು. ಕೇಡು ಅಥವಾ ಕೊರತೆ, ಪಯಣ, ಹೋರಾಟ, ಗೆಲುವು. ಕಟ್ಟಕಡೆಗೆ ಮದುವೆ ಮತ್ತು ಪಟ್ಟ.

ಈ ನಿಯಮವನ್ನು ನಮ್ಮ ನೆಲದ ಕಥೆಯೊಂದಕ್ಕೆ ಹಚ್ಚಿ ನೋಡೋಣ. ಚಳ್ಳಕೆರೆ ಸೀಮೆಯ ಕಾಡುಗೊಲ್ಲರು ದನಗಾಹಿ ವೀರನಾದ ಜುಂಜಪ್ಪನ ಕಥೆಯನ್ನು ಹಾಡಿಕೊಂಡು ಬಂದಿದ್ದಾರೆ. ಕೇಡಿಗರು ಇಲ್ಲಿ ಸ್ಪಷ್ಟವಾಗಿಯೇ ಇದ್ದಾರೆ: ಅವನ ಏಳ್ಗೆಯನ್ನು ಸಹಿಸದ ಸೋದರಮಾವಂದಿರು. ಅವರು ಕೊಲ್ಲಲು ಹವಣಿಸುತ್ತಾರೆ, ಅವನು ಪಾರಾಗುತ್ತಾನೆ. ಇಲ್ಲಿಯವರೆಗೆ ನಿಯಮ ಒಪ್ಪುತ್ತದೆ. ಆದರೆ ಕಥೆ ಮುಗಿಯುವುದು ಮದುವೆಯ ಚಪ್ಪರದಲ್ಲಲ್ಲ; ಮಾವಂದಿರಿಕ್ಕಿದ ವಿಷದಿಂದ ಜುಂಜಪ್ಪನು ಮಡಿದು ದೈವವಾಗುತ್ತಾನೆ.

ದೈವವಾದುದನ್ನೇ ಪಟ್ಟವೆಂದು ಎಣಿಸಬಾರದೇಕೆ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಹೀಗೆ ಅರ್ಥವನ್ನು ಹಿಗ್ಗಿಸುತ್ತ ಹೋದರೆ ಯಾವ ಕಥೆಯೂ ನಿಯಮವನ್ನು ಮೀರಲಾರದು. ಆಗ ನಿಯಮಕ್ಕೆ ಬೆಲೆಯೂ ಉಳಿಯದು. ಬಾಯ್ಲ್‌ನ ನಿಯಮ ಅನಿಲಕ್ಕೆ ಒಪ್ಪುತ್ತದೆ, ನೀರಿಗೆ ಒಪ್ಪದು. ಅದರಿಂದ ಬಾಯ್ಲ್ ಸುಳ್ಳಾಗಲಿಲ್ಲ. ಪ್ರಾಪನೂ ತನ್ನ ನಿಯಮವನ್ನು ಮಾಯಾಕಥೆಗಳಿಗಷ್ಟೇ ಸೀಮಿತಗೊಳಿಸಿದ್ದನು. ವೀರರ ಕಥೆಗಳಿಗಾಗಿ ಇಂಗ್ಲೆಂಡಿನ ಲಾರ್ಡ್ ರ‍್ಯಾಗ್ಲನ್ 1936ರಲ್ಲಿ 22 ಲಕ್ಷಣಗಳ ಬೇರೊಂದು ಪಟ್ಟಿಯನ್ನು ಮಾಡಿದನು. ವಿಲಕ್ಷಣ ಜನನ, ನಿಗೂಢ ಮರಣ, ಪವಿತ್ರ ಸಮಾಧಿ ಇವೆಲ್ಲ ಅದರಲ್ಲಿವೆ. ಇದು ಜುಂಜಪ್ಪನಿಗೆ ಹೆಚ್ಚು ಹತ್ತಿರ. ಆದರೆ ಇದು ಎಣಿಕೆಯೇ ಹೊರತು ವಿವರಣೆಯಲ್ಲವೆಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ತೊಡಕುಂಟು. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಓದುಬರಹ ಕಲಿತವರಲ್ಲ. ಆದರೂ ಅವರಿಗೆ ಸಾವಿರಾರು ಪದಗಳು ಬರುತ್ತಿದ್ದುವು. ಅವರ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದರು. ಯುಗೊಸ್ಲಾವಿಯದ ಗಾಯಕರನ್ನು ಅಭ್ಯಸಿಸಿದ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್, ಹಾಡುಗಾರನು ಕಾವ್ಯವನ್ನು ಬಾಯಿಪಾಠ ಒಪ್ಪಿಸುವುದಿಲ್ಲ, ಪ್ರತಿಸಲವೂ ಹೊಸದಾಗಿ ಕಟ್ಟುತ್ತಾನೆ ಎಂದು ತೋರಿಸಿದರು. ಹಾಗಾದರೆ ನಾವು ಅಳೆಯಬೇಕಾದುದು ಯಾವ ಕಥೆಯನ್ನು?

ಉತ್ತರವನ್ನು ವಿದ್ಯಾರ್ಥಿಗಳೇ ಹುಡುಕಬಹುದು. ಮೊಳಕಾಲ್ಮೂರು ಕಡೆಯ ಮ್ಯಾಸನಾಯಕರ ಗಾದ್ರಿ ಪಾಲನಾಯಕನ ಕಥೆಯನ್ನು ಮೂವರಿಂದ ಬೇರೆಬೇರೆಯಾಗಿ ಕೇಳಿ, ಘಟನೆಗೊಂದು ಚೀಟಿ ಬರೆದು, ಮೂರು ಸಾಲುಗಳನ್ನು ಅಕ್ಕಪಕ್ಕ ಜೋಡಿಸಿರಿ. ಮೂರರಲ್ಲಿಯೂ ಉಳಿದ ಚೀಟಿಗಳು ಯಾವುವು, ಸ್ಥಾನ ಪಲ್ಲಟಿಸಿದವು ಯಾವುವು ಎಂದು ಗುರುತು ಮಾಡಿರಿ. ಪ್ರಾಪನ ಪಟ್ಟಿಯನ್ನು ತೆರೆಯುವುದು ಅದಾದ ಮೇಲೆ. ಧ್ವನಿಮುದ್ರಣ ಮಾಡುವ ಮುನ್ನ ಹಿರಿಯರ ಅಪ್ಪಣೆ ಪಡೆಯಿರಿ. ಅವರಿಗೆ ಅದು ಬರಿಯ ಕಥೆಯಲ್ಲ.