ಕಲಾಮೈನ್ ಲೋಷನ್ನಿಂದ ಶುರುಮಾಡಿ: ಔಷಧ ಬೆರೆಸಲು ಕಲಿಯುವವರಿಗೆ

ನಾಶಿಕದಲ್ಲಾಗಲಿ ಛತ್ರಪತಿ ಸಂಭಾಜಿನಗರದಲ್ಲಾಗಲಿ ಔಷಧ ಅಂಗಡಿಗಳ ಬೋರ್ಡು ಓದುತ್ತಾ ಹೋಗಿ. ಹೆಚ್ಚಿನವು 'ಕೆಮಿಸ್ಟ್ಸ್ ಆ್ಯಂಡ್ ಡ್ರಗಿಸ್ಟ್ಸ್', ಇಲ್ಲವೇ ಬರೀ 'ಮೆಡಿಕಲ್'. 1945ರ ಔಷಧ ನಿಯಮಾವಳಿಯ 65ನೇ ನಿಯಮ ನೋಡಿದರೆ 'ಫಾರ್ಮಸಿ' ಎಂದು ಬರೆಸಲು ನೋಂದಾಯಿತ ಫಾರ್ಮಸಿಸ್ಟ್ ಇದ್ದರಷ್ಟೇ ಸಾಲದು. ವೈದ್ಯರ ಚೀಟಿ ನೋಡಿ ಅಲ್ಲೇ ಔಷಧ ಬೆರೆಸಿಕೊಡುವ ಏರ್ಪಾಡೂ ಬೇಕು. ವಾಳೂಜ್, ಚಿಕಲ್‌ಠಾಣಾ, ಅಂಬಡ್‌ನಂಥ ಕೈಗಾರಿಕಾ ಪ್ರದೇಶಗಳಲ್ಲಿ ಔಷಧ ಕಾರ್ಖಾನೆಗಳು ಬೆಳೆದ ಮೇಲೆ ಆ ಕೈಕೆಲಸ ಅಂಗಡಿಯಿಂದ ಬಹುಮಟ್ಟಿಗೆ ಹೋಯಿತು. ಈಗ ಅದು ಉಳಿದಿರುವುದು ಮುಖ್ಯವಾಗಿ ಡಿ.ಫಾರ್ಮ್ ಲ್ಯಾಬುಗಳಲ್ಲಿ, ಕೆಲವು ಆಸ್ಪತ್ರೆಗಳಲ್ಲಿ. ಬೀದರ್, ಭಾಲ್ಕಿ ಕಡೆಯಿಂದ ಆ ಎರಡು ಊರುಗಳಿಗೆ ಓದಲು ಹೋಗುವವರು ಮೊದಲು ಕೈ ಹಾಕಲು ತಕ್ಕದ್ದು 100 ಮಿ.ಲೀ. ಕಲಾಮೈನ್ ಲೋಷನ್. ಬೆವರುಸಾಲೆಗೆ ಹಚ್ಚುವ ಅದೇ ಗುಲಾಬಿ ಲೋಷನ್. ಮನೆಯಲ್ಲಿ ಬೇಡ, ಲ್ಯಾಬಿನಲ್ಲಿ, ಫಾರ್ಮಸಿಸ್ಟರ ಕಣ್ಣೆದುರಿಗೇ ಮಾಡಿ.

ಅಳತೆ ಇದು: ಕಲಾಮೈನ್ 15 ಗ್ರಾಂ, ಝಿಂಕ್ ಆಕ್ಸೈಡ್ 5 ಗ್ರಾಂ, ಬೆಂಟೊನೈಟ್ 3 ಗ್ರಾಂ, ಸೋಡಿಯಂ ಸಿಟ್ರೇಟ್ 0.5 ಗ್ರಾಂ, ಲಿಕ್ವಿಫೈಡ್ ಫಿನಾಲ್ 0.5 ಮಿ.ಲೀ., ಗ್ಲಿಸರಿನ್ 5 ಮಿ.ಲೀ., ಉಳಿದದ್ದು ಶುದ್ಧೀಕರಿಸಿದ ನೀರು.

ಹಂತ 1: ಮೇಜು, ಸಾಮಾನು

ನಿಯಮಾವಳಿಯ 'ಶೆಡ್ಯೂಲ್ ಎನ್' ಸಾಮಾನಿನ ಪಟ್ಟಿ ಕೊಡುತ್ತದೆ: 30 ಮಿ.ಗ್ರಾಂ ಸೂಕ್ಷ್ಮತೆಯ ತಕ್ಕಡಿ, 1 ಮಿ.ಗ್ರಾಂನಿಂದ 100 ಗ್ರಾಂವರೆಗಿನ ತೂಕದ ಬಟ್ಟುಗಳು, 10, 25, 100, 500 ಮಿ.ಲೀ.ಗಳ ಅಳತೆ ಗ್ಲಾಸುಗಳು, ಗಾಜಿನದೊಂದು ಪಿಂಗಾಣಿಯದೊಂದು ಖಲಬತ್ತ, ಮುಲಾಮಿನ ಸ್ಲ್ಯಾಬು, ಸ್ಪ್ಯಾಚುಲಾ, ವಾಟರ್ ಬಾತ್. ಮಾತ್ರೆ ಉಂಡೆ ಕಟ್ಟುವ ಯಂತ್ರವೂ ಅದರಲ್ಲಿದೆ. ಈಗ ಅದನ್ನು ತಿರುಗಿಸುವವರು ಸಿಗುವುದು ಕಷ್ಟ. ಕಲಾಮೈನಿಗೆ ಪಿಂಗಾಣಿಯ ಒರಟು ಖಲಬತ್ತವೇ ಬೇಕು. ಗಾಜಿನದರಲ್ಲಿ ಪುಡಿ ಜಾರುತ್ತದೆ, ನುರಿಯುವುದಿಲ್ಲ.

ಮೇಜು ಒರೆಸಿ, ಕೈ ತೊಳೆದು ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ. ಫ್ಯಾನ್ ಆರಿಸಿ. ಮೇ ತಿಂಗಳ ಸಂಭಾಜಿನಗರದಲ್ಲಿ ಇದು ಕಠಿಣವೇ, ಆದರೆ ತಿರುಗುವ ಫ್ಯಾನಿನ ಕೆಳಗೆ ತಕ್ಕಡಿಯ ಮುಳ್ಳು ನಿಲ್ಲುವುದಿಲ್ಲ.

ಹಂತ 2: ಬಾಟಲಿಯ ಮೇಲಿನ ಬರಹ

ಪ್ರತಿ ಕಚ್ಚಾವಸ್ತುವಿನ ಲೇಬಲ್ಲಿನಲ್ಲಿ 'ಐಪಿ' (ಇಂಡಿಯನ್ ಫಾರ್ಮಕೋಪಿಯಾ) ದರ್ಜೆ, ಬ್ಯಾಚ್ ನಂಬರು, ಅವಧಿ ಮುಗಿಯುವ ದಿನಾಂಕ ಓದಿ ಬರೆದುಕೊಳ್ಳಿ. ಗ್ಲಿಸರಿನ್ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ 14 ರೋಗಿಗಳು ಸತ್ತದ್ದು ಡೈಎಥಿಲೀನ್ ಗ್ಲೈಕಾಲ್ ಬೆರೆತ ಗ್ಲಿಸರಿನ್ನಿನಿಂದ. ಅದರ ತನಿಖೆಗೆ ನ್ಯಾಯಮೂರ್ತಿ ಲೆಂಟಿನ್ ಆಯೋಗ ಕೂರಬೇಕಾಯಿತು. ಎರಡೂ ಬಣ್ಣವಿಲ್ಲದ, ಸಿಹಿಯಾದ, ಮಂದ ದ್ರವಗಳೇ. ಮೂಸಿ, ನೋಡಿ ಬೇರೆ ಮಾಡಲಾಗದು. ಪರೀಕ್ಷಾ ಪ್ರಮಾಣಪತ್ರ ಇರುವ ಡಬ್ಬಿಯನ್ನೇ ತೆರೆಯಬೇಕು.

ನೀರೂ ಕಚ್ಚಾವಸ್ತುವೇ, ಶುದ್ಧೀಕರಿಸಿದ್ದೇ ಆಗಬೇಕು. ಟ್ಯಾಂಕಿನಲ್ಲಿ ತುಂಬಿಟ್ಟ ನಲ್ಲಿ ನೀರೂ ಅಲ್ಲ, ಇಪ್ಪತ್ತು ಲೀಟರಿನ ಕ್ಯಾನ್ ನೀರೂ ಅಲ್ಲ.

ಹಂತ 3: ತೂಕ

ಇಲ್ಲಿ ಒಂದು ಲೆಕ್ಕ ಮಾಡಿ. ತಕ್ಕಡಿಯ ಸೂಕ್ಷ್ಮತೆ 30 ಮಿ.ಗ್ರಾಂ ಎಂದರೆ ಅಷ್ಟು ಹೆಚ್ಚುಕಮ್ಮಿಯಾದರೂ ಅದು ಬಾಯಿ ಬಿಡದು. ಕಲಾಮೈನಿನ 15 ಗ್ರಾಂನಲ್ಲಿ ಅದು ಲೆಕ್ಕಕ್ಕಿಲ್ಲ. ಸಿಟ್ರೇಟಿನ 500 ಮಿ.ಗ್ರಾಂನಲ್ಲಿ ಅದೇ 30, ಶೇ 6ರಷ್ಟು ತಪ್ಪು. ಶೇ 5 ದಾಟಬಾರದು ಎಂದಿಟ್ಟುಕೊಂಡರೆ ಈ ತಕ್ಕಡಿಯಲ್ಲಿ 600 ಮಿ.ಗ್ರಾಂಗಿಂತ ಕಡಿಮೆ ತೂಗುವಂತೆಯೇ ಇಲ್ಲ. ಹಾಗಾಗಿ 5 ಗ್ರಾಂ ಸಿಟ್ರೇಟ್ ತೂಗಿ, ನೀರಿನಲ್ಲಿ ಕರಗಿಸಿ 100 ಮಿ.ಲೀ. ಮಾಡಿ, ಅದರಿಂದ 10 ಮಿ.ಲೀ. ತೆಗೆಯಿರಿ. ಬೇಕಾದ ಅರ್ಧ ಗ್ರಾಂ ಸಿಕ್ಕಿತು, ತಪ್ಪು ಶೇ 0.6ಕ್ಕೆ ಇಳಿಯಿತು. ಮಿಲಿಗ್ರಾಂ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಇದ್ದವರಿಗೆ ಈ ಸುತ್ತು ಬೇಡ. ಆದರೂ ಕಲಿಯುವಾಗ ಒಮ್ಮೆ ಹೀಗೇ ಮಾಡಿ. ಪರೀಕ್ಷೆಯ ಮೌಖಿಕದಲ್ಲಿ ಕೇಳಿದರೆ ಬಾಯಿಪಾಠದ ಉತ್ತರ ಸಾಲದು.

ತೂಕವನ್ನು ಇನ್ನೊಬ್ಬರು ನೋಡಿ ಸಹಿ ಹಾಕಿದ ಮೇಲೆಯೇ ಪುಡಿ ಖಲಬತ್ತಕ್ಕೆ ಇಳಿಯಲಿ. ಬೆರೆತ ಮೇಲೆ ಯಾವುದು ಎಷ್ಟಿದೆ ಎಂದು ಕಣ್ಣಿನಿಂದ ನೋಡಿ ಯಾರೂ ಹೇಳಲಾರರು.

ಹಂತ 4: ಪುಡಿ ಸೇರಿಸುವ ಕ್ರಮ

ಕಡಿಮೆ ಇರುವುದು ಮೊದಲು. 3 ಗ್ರಾಂ ಬೆಂಟೊನೈಟಿಗೆ ಸುಮಾರು ಅಷ್ಟೇ ಝಿಂಕ್ ಆಕ್ಸೈಡ್ ಹಾಕಿ ಅರೆಯಿರಿ. ಈಗ ಆರಾಯಿತು, ಉಳಿದ ಝಿಂಕಿನ ಜೊತೆ 4 ಗ್ರಾಂ ಕಲಾಮೈನ್ ಸೇರಿಸಿದರೆ ಹನ್ನೆರಡು. ಕೊನೆಗೆ ಉಳಿದ ಕಲಾಮೈನ್. ಪ್ರತಿ ಸಲ ಖಲಬತ್ತದಲ್ಲಿ ಇರುವಷ್ಟನ್ನೇ ಸೇರಿಸುತ್ತಾ ದುಪ್ಪಟ್ಟು ಮಾಡುವುದು ಇದರ ಗುಟ್ಟು. ಬಿಳಿ ಗೆರೆ ಎಲ್ಲೂ ಕಾಣದೆ ಒಂದೇ ಗುಲಾಬಿ ಬಣ್ಣ ಬರಬೇಕು.

ಹಂತ 5: ನೀರು

ಸಿಟ್ರೇಟ್ ದ್ರಾವಣಕ್ಕೆ 60 ಮಿ.ಲೀ. ನೀರು ಕೂಡಿಸಿಟ್ಟುಕೊಳ್ಳಿ. ಅವಸರದವರು ಕೆಡಿಸುವುದು ಇಲ್ಲೇ. ಒಂದೇ ಸಲ ಸುರಿದರೆ ಬೆಂಟೊನೈಟ್ ಹೊರಗಷ್ಟೇ ಉಬ್ಬಿ ಒಳಗೆ ಒಣಗಿದ ಗಂಟಾಗುತ್ತದೆ. ಆಮೇಲೆ ಎಷ್ಟು ಅರೆದರೂ ಒಡೆಯದು. ಚಮಚದಷ್ಟು ಹಾಕಿ, ಒತ್ತಿ ಅರೆದು, ದಪ್ಪ ನುಣುಪಾದ ಪೇಸ್ಟ್ ಆದ ಮೇಲೆ ಇನ್ನಷ್ಟು. ಅಂಚಿಗೆ ಅಂಟಿದ್ದನ್ನು ಸ್ಪ್ಯಾಚುಲಾದಿಂದ ಆಗಾಗ ಕೆಳಗೆ ಎಳೆಯಿರಿ.

ಗ್ಲಿಸರಿನ್ ಅಳತೆ ಗ್ಲಾಸಿಗೆ ಅಂಟಿ ಉಳಿಯುವುದರಿಂದ 6.3 ಗ್ರಾಂ ತೂಗಿ ಹಾಕುವುದೇ ಲೇಸು. ಫಿನಾಲ್ ಚರ್ಮ ಸುಡುತ್ತದೆ. ಪಿಪೆಟ್ಟಿಗೆ ರಬ್ಬರ್ ಬಲ್ಬ್ ಹಾಕಿ. ಬಾಯಿಂದ ಎಳೆಯುವ ಹಳೇ ಚಾಳಿ ಬೇಡವೇ ಬೇಡ. ಅರೆಯುತ್ತಲೇ ಹನಿಹನಿಯಾಗಿ ಬಿಡಿ.

ಹಂತ 6: ನೂರು ತುಂಬಿಸುವುದು

ಲೋಷನ್ ಆರಪಾರ ಕಾಣದು, ಅಳತೆ ಗ್ಲಾಸಿನಲ್ಲಿ ಕೆಳಬಾಗಿನ ಗೆರೆ ಸಿಗದು. ಅದಕ್ಕೆ ಮೊದಲೇ ಬಾಟಲಿಗೆ 100 ಮಿ.ಲೀ. ನೀರು ಹಾಕಿ, ಮಟ್ಟಕ್ಕೆ ಕಾಗದದ ಪಟ್ಟಿ ಅಂಟಿಸಿ, ಚೆಲ್ಲಿ ಒಣಗಿಸಿಟ್ಟಿರಬೇಕು. ಲೋಷನ್ ಸುರಿದ ಮೇಲೆ ಖಲಬತ್ತವನ್ನು ಸ್ವಲ್ಪ ಸ್ವಲ್ಪ ನೀರಿನಿಂದ ತೊಳೆದು ಅದನ್ನೂ ಬಾಟಲಿಗೇ ಹಾಕಿ, ಪಟ್ಟಿಯವರೆಗೆ ತುಂಬಿಸಿ.

ಹಂತ 7: ಲೇಬಲ್

'ಹೊರಗೆ ಹಚ್ಚಲು ಮಾತ್ರ', 'ಚೆನ್ನಾಗಿ ಅಲ್ಲಾಡಿಸಿ ಬಳಸಿ'. ಜೊತೆಗೆ ತಯಾರಾದ ದಿನ, ಯಾವ ದಿನದ ನಂತರ ಬಳಸಬಾರದು ಎಂಬುದು. ಅಮೆರಿಕದ ಫಾರ್ಮಕೋಪಿಯಾದ 795ನೇ ಅಧ್ಯಾಯ ನೀರಿನ ಔಷಧಕ್ಕೆ ಸಂರಕ್ಷಕವಿಲ್ಲದಿದ್ದರೆ ಫ್ರಿಜ್ಜಿನಲ್ಲಿ 14 ದಿನ, ಪರಿಣಾಮ ಪರೀಕ್ಷಿಸಿದ ಸಂರಕ್ಷಕವಿದ್ದರೆ 35 ದಿನ ಕೊಡುತ್ತದೆ. ಲ್ಯಾಬಿನ ಬಾಟಲಿಗೆ ನಾನು 14ರ ಪಕ್ಷ. ರಾತ್ರಿಯಿಡೀ ಬಿಟ್ಟು ಮರುದಿನ ಅಲ್ಲಾಡಿಸಿ. ತಳದ ಗಸಿ ಪೂರ್ತಿ ಏಳಬೇಕು.

ಲೋಷನ್ ಕೈಗೆ ಹತ್ತಿದ ಮೇಲೆ ಮುಲಾಮು

ಸಿಂಪಲ್ ಆಯಿಂಟ್‌ಮೆಂಟಿನಲ್ಲಿ ಹಾರ್ಡ್ ಪ್ಯಾರಫಿನ್ನನ್ನು ಮೊದಲು ವಾಟರ್ ಬಾತ್ ಮೇಲೆ ಕರಗಿಸಿ, ಬೇಗ ಕರಗುವ ಮಿಕ್ಕವು ಆಮೇಲೆ. ಇಳಿಸಿ, ತಣ್ಣಗಾಗುವವರೆಗೆ ನಿಧಾನಕ್ಕೆ ಕಲಕಿ. ಜೋರಾಗಿ ಕಲಕಿದರೆ ಗಾಳಿ ಸೇರುತ್ತದೆ. ಜನವರಿಯ ನಾಶಿಕದ ಬೆಳಗಿನ ಚಳಿಯಲ್ಲಿ ಬೀಕರು ಬೇಗ ತಣ್ಣಗಾಗಿ ಪ್ಯಾರಫಿನ್ ಹರಳುಗಟ್ಟುತ್ತದೆ, ಆದ್ದರಿಂದ ಸ್ಲ್ಯಾಬನ್ನೂ ಬೀಕರನ್ನೂ ಮೊದಲೇ ಬೆಚ್ಚಗೆ ಮಾಡಿಕೊಳ್ಳಿ. ಡಬ್ಬಿಗೆ ತುಂಬುವ ಮುನ್ನ ಸ್ಲ್ಯಾಬಿನ ಮೇಲೆ ಚೂರು ತೆಳ್ಳಗೆ ಎಳೆದು ನೋಡಿ. ಕಣ ಕಂಡರೆ ಬೀಕರು ಮತ್ತೆ ವಾಟರ್ ಬಾತ್‌ಗೆ.